ಪ್ರಸ್ತಾರದ ಮೇಷ್ಟ್ರು

ಅರಸೀಕೆರೆ ಬಸ್ ನಿಲ್ದಾಣದಲ್ಲಿ ಜನ ಬೋರ್ಡು ಓದುವುದು ಬಸ್ಸು ತಮ್ಮೂರಿಗೆ ಹೋಗುತ್ತದೋ ಇಲ್ಲವೋ ಎಂದು. ನಿವೃತ್ತ ಕನ್ನಡ ಮೇಷ್ಟ್ರು ಓದುವುದು ಅದು ಛಂದಸ್ಸಿಗೆ ಕೂರುತ್ತದೋ ಇಲ್ಲವೋ ಎಂದು. ಇಂಥವರು ತಾಲೂಕಿಗೊಬ್ಬರಾದರೂ ಇರುತ್ತಾರೆ. ಜೇಬಿನಲ್ಲಿ ಪೆನ್ನು, ಕೈಯಲ್ಲಿ ಯಾರದೋ ಲಗ್ನಪತ್ರಿಕೆ, ಅದರ ಬೆನ್ನ ತುಂಬ ಲಘು-ಗುರುಗಳ ಗುರುತು.

ಲಘುವಿಗೆ 1 ಮಾತ್ರೆ, ಗುರುವಿಗೆ 2. ‘ಅರಸಿಕೆರೆ’ ಪೂರಾ ಲಘು, 5 ಮಾತ್ರೆ. ‘ಜಾವಗಲ್’ 5. ‘ಹಳೆಬೀಡು’ 5. ‘ಬೇಲೂರು’ 5. ಬಸ್ಸು ಹೋಗುವ ದಾರಿಯಲ್ಲೇ ಸಾಲಾಗಿ ಹೇಳಿಕೊಂಡು ಹೋದರೆ ವಾರ್ಧಕ ಷಟ್ಪದಿಯ ಒಂದು ಸಾಲು ತಯಾರು! ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ಕ್ಕೂ ಲಕ್ಷ್ಮೀಶನ ‘ಜೈಮಿನಿ ಭಾರತ’ಕ್ಕೂ ಇದೇ ಅಳತೆ.

ಕೆಡಿಸಿದವನು ಬೋರ್ಡು ಬರೆದವನು. ‘ಸಿ’ಯನ್ನು ‘ಸೀ’ ಮಾಡಿ ಒಂದು ಮಾತ್ರೆ ಏರಿಸಿದ. ಹೋಗಲಿ ಎನ್ನಬಹುದು. ಆದರೆ ‘ಹಳೇಬೀಡು’? ಗಣದ ಬಾಗಿಲಲ್ಲೇ ಲಘುವಿನ ಬೆನ್ನಿಗೆ ಗುರು. ಷಟ್ಪದಿಯಲ್ಲಿ ಅದು ನಿಷಿದ್ಧ. “1311ರಲ್ಲಿ ಮಲಿಕ್ ಕಾಫರ್ ನುಗ್ಗಿದಾಗಲೂ ಆಗ ದೋರಸಮುದ್ರವಾಗಿದ್ದ ಇದೇ ಊರಿನ ಮಾತ್ರೆ ಹೆಚ್ಚುಕಮ್ಮಿ ಆಗಿರಲಿಲ್ಲ ಕಣ್ರೀ!”

“ಎಲ್ಲಿಗೆ ಸಾರ್?” ಎಂದು ಕಂಡಕ್ಟರ್ ಕೇಳಿದರೆ “ಹಳೆಬೀಡು. ಹ್ರಸ್ವ” ಎನ್ನುತ್ತಾರೆ.

“ಎರಡಕ್ಕೂ ಚಾರ್ಜು ಒಂದೇ ಸಾರ್.”

ಈಚೆಗೆ ಹೊಸ ಹುಚ್ಚು ಸೇರಿದೆ. ಅಮೆರಿಕದ ಮೊಮ್ಮಗಳು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಅಲ್ಲೂ ಪದ ಬಿಡಿಸಬೇಕಂತೆ: ತೆ-ಲೆ-ಫೊ-ನೊ. ಪದ ಸ್ವರದಿಂದಲೋ ಎನ್, ಎಸ್‌ಗಳಿಂದಲೋ ಮುಗಿದರೆ ಕೊನೆಯಿಂದ ಎರಡನೆಯ ತುಂಡಿಗೆ ಒತ್ತು. ಬೇರೆ ವ್ಯಂಜನವಾದರೆ ಕೊನೆಯದಕ್ಕೆ. ಈ ನಿಯಮ ತಪ್ಪಿ ನಡೆಯುವ ಕಡೆ, ಇಲ್ಲಿನ ‘ಲೆ’ಯ ಹಾಗೆ, ಸ್ವರದ ತಲೆಯ ಮೇಲೊಂದು ಗೀಟು. “ಹಾಗಾದರೆ ‘ಲೆ’ ಗುರು” ಎಂದು ತಾತ ತೀರ್ಪು ಕೊಟ್ಟರು. ಗುರು ಎಂದರೆ ಕಾಲದ ಅಳತೆ, ಒತ್ತು ಎಂದರೆ ದನಿಯ ಜೋರು, ಎರಡೂ ಬೇರೆ ಎಂದು ಹುಡುಗಿ ವಿಡಿಯೊ ಕಾಲ್‌ನಲ್ಲಿ ಬಿಡಿಸಿ ಹೇಳಿದಳು. (ಅವಳು ಹೇಳಿದ್ದೇ ಸರಿ.) ತಾತ ಬಗ್ಗಲಿಲ್ಲ. ಸ್ಪ್ಯಾನಿಷ್ ಪದ್ಯದಲ್ಲಿ ಸಾಲಿನ ಕಟ್ಟಕಡೆಗೆ ಒತ್ತು ಬಿದ್ದರೆ ಎಣಿಕೆಗೆ ಒಂದು ಹೆಚ್ಚು ಸೇರಿಸಿಕೊಳ್ಳುತ್ತಾರೆ ಎಂದಾಗಲಂತೂ ಕುರ್ಚಿ ಬಿಟ್ಟು ಎದ್ದೇಬಿಟ್ಟರು. ಪಾದದ ಕೊನೆಯ ಲಘುವನ್ನು ಗುರುವೆಂದು ಎಣಿಸುವ ರಿಯಾಯಿತಿ ನಮ್ಮಲ್ಲೂ ಇದೆಯಲ್ಲ! “ನೋಡು ಪುಟ್ಟೀ, ಕವಿಗೆ ಎಲ್ಲ ದೇಶದಲ್ಲೂ ಸಾಲ ಹುಟ್ಟುತ್ತೆ.”

ಬೇಲೂರು ಬಸ್ಸಿನಲ್ಲಿ ಇವರ ಪಕ್ಕ ಸೀಟು ಸಿಕ್ಕರೆ ಧಾರಾಳವಾಗಿ ಕೂರಿ. ರಮೇಶ, ಸುರೇಶ, ಮಹೇಶ ಇವುಗಳಲ್ಲೊಂದು ನಿಮ್ಮ ಹೆಸರಾಗಿದ್ದರೆ ಮಾತ್ರ ಮನೆಯಲ್ಲಿ ಕರೆಯುವ ಹೆಸರು ಹೇಳಿ. ಮೂರೂ ಜಗಣ (ಲಘು-ಗುರು-ಲಘು), ಷಟ್ಪದಿಯೊಳಗೆ ಪ್ರವೇಶವಿಲ್ಲ.