ಸೇವಾಶಿಬಿರದ ನಾಯಕರು

ಪರೀಕ್ಷೆಗಳು ಮುಗಿದು, ಬೇಸಿಗೆಯ ರಜೆ ಪ್ರಾಪ್ತವಾಗಿ, ಕಲಬುರಗಿ ಸೀಮೆಯ ಬಿಸಿಲು 42 ಡಿಗ್ರಿಯನ್ನು ಮುಟ್ಟಿ, ವಿವೇಕವುಳ್ಳ ಎಮ್ಮೆಗಳೆಲ್ಲವೂ ಹನ್ನೊಂದು ಗಂಟೆಗೆ ಮೊದಲೇ ಬೇವಿನ ನೆರಳನ್ನು ಆಶ್ರಯಿಸುವ ಕಾಲದಲ್ಲಿ, ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಬಿಳಿಯ ಟೋಪಿಯನ್ನು ಧರಿಸಿ, ಕೊರಳಿಗೆ ಸೀಟಿಯನ್ನು ಇಳಿಬಿಟ್ಟು, ಒಂದು ಗುಂಪು ತರುಣ ತರುಣಿಯರನ್ನು ಎಣಿಸಿ, ಲೆಕ್ಕ ತಪ್ಪಿ, ಪುನಃ ಎಣಿಸುತ್ತಿರುವ ಮಹನೀಯರೊಬ್ಬರು ಕಣ್ಣಿಗೆ ಬಿದ್ದರೆ, ಅವರು ಚರ್ಚಿನ ಯುವಜನ ಸೇವಾಶಿಬಿರದ ನಾಯಕರೆಂದು ನಿಸ್ಸಂಶಯವಾಗಿ ತಿಳಿಯಬಹುದು. ಶಿಬಿರಾರ್ಥಿಗಳ ಬಾಯಲ್ಲಿ ಅವರು ‘ಬ್ರದರ್’. ಸುಲೇಪೇಟದ ಆಸುಪಾಸಿನ ಹಳ್ಳಿಗರ ಬಾಯಲ್ಲಿ ‘ಸೀಟಿ ಅಣ್ಣ’.

1874ರಲ್ಲಿ ನಿಜಾಮರ ರಾಜ್ಯಕ್ಕೆಂದು ಹಾಸಿದ ಹಳಿಯ ಮೇಲೆಯೇ ಈ ಸೇನೆಯ ಪ್ರಯಾಣ. ಚಿತ್ತಾಪುರ ದಾಟಿ ಮಳಖೇಡ ಸಮೀಪಿಸಿದೊಡನೆ ನಾಯಕರು ಕಿಟಕಿಯತ್ತ ಕೈನೀಡಿ, ಇದು ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನು ಆಳಿದ ನೆಲ ಎಂದು ಗದ್ಗದಕಂಠರಾಗಿ ನುಡಿಯುತ್ತಾರೆ. ತರುಣರು ಭಕ್ತಿಯಿಂದ ಸಿಮೆಂಟ್ ಕಾರ್ಖಾನೆಯ ಚಿಮಣಿಯನ್ನು ನೋಡುತ್ತಾರೆ. ಸೇಡಮ್ಮಿನಲ್ಲಿ ರೈಲಿಳಿದು ಬಸ್ಸು ಹತ್ತಿದರೆ ಸುಲೇಪೇಟ.

ಮೊದಲ ರಾತ್ರಿಯ ಉಪನ್ಯಾಸದಲ್ಲಿ ಪಿಯರ್ ಸೆರೆಸೋಲ್ ಬಂದೇ ಬರುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಧ್ವಂಸವಾಗಿದ್ದ, ಫ್ರಾನ್ಸಿನ ವರ್ದೂನ್ ಬಳಿಯ ಹಳ್ಳಿಯೊಂದನ್ನು ಮತ್ತೆ ಕಟ್ಟುವುದಕ್ಕಾಗಿ, ನಿನ್ನೆಯವರೆಗೆ ಪರಸ್ಪರ ಶತ್ರುಗಳಾಗಿದ್ದ ದೇಶಗಳ ಜನರನ್ನು 1920ರಲ್ಲಿ ಒಂದೇ ಶಿಬಿರಕ್ಕೆ ಕರೆತಂದ, 1934ರ ಬಿಹಾರದ ಭೂಕಂಪದ ತರುವಾಯ ನಮ್ಮ ದೇಶಕ್ಕೂ ಬಂದು ನಿರಾಶ್ರಿತರಿಗಾಗಿ ದುಡಿದ ಆ ಸ್ವಿಸ್ ಸಜ್ಜನರ ಚರಿತ್ರೆ ಕೇಳತಕ್ಕದ್ದೇ ಸರಿ. ಆದರೆ ಸೆರೆಸೋಲ್ ಸ್ವತಃ ಸಲಿಕೆ ಹಿಡಿದ ಭಾಗಕ್ಕೆ ಬರುವಷ್ಟರಲ್ಲಿ ನಮ್ಮ ನಾಯಕರ ಧ್ವನಿವರ್ಧಕದ ಬ್ಯಾಟರಿ ಮುಗಿದಿರುತ್ತದೆ.

ಇನ್ನೊಂದು ಸಣ್ಣ ತೊಡಕೂ ಉಂಟು. ದಕ್ಷಿಣದಿಂದ ಬಂದ ನಾಯಕರು ಬಹುಶಃ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಬೀದರ, ಕಲಬುರಗಿಗಳ ಕಡೆ ಬೇರೂರಿದ ಮೆಥೊಡಿಸ್ಟರಾದರೋ ಆ ಸಭೆ ಹುಟ್ಟಿದ 1947ರ ಸಭೈಕ್ಯದಲ್ಲಿ ಸೇರದೆ ತಮ್ಮ ಮನೆಯಲ್ಲೇ ಉಳಿದವರು. ಈ ಚಾರಿತ್ರಿಕ ಭೇದ ಪ್ರಾರ್ಥನೆಯಲ್ಲಾಗಲಿ ಪಂಕ್ತಿಯಲ್ಲಾಗಲಿ ಕಾಣಿಸದು. ಒಂದೇ ಕೀರ್ತನೆಯನ್ನು ಅತಿಥಿಗಳೂ ಆತಿಥೇಯರೂ ಬೇರೆ ಬೇರೆ ಧಾಟಿಯಲ್ಲಿ ಏಕಕಾಲಕ್ಕೆ ಎತ್ತಿಕೊಂಡಾಗ ಮಾತ್ರ ಕಿವಿಗೆ ಬೀಳುತ್ತದೆ. ಆಗ ಸೀಟಿಯೇ ಶರಣು.

ನಾಯಕರ ನಿಜವಾದ ಕೃತಿಯೆಂದರೆ ವೇಳಾಪಟ್ಟಿ. ಆರಕ್ಕೆ ಧ್ಯಾನ, ಏಳಕ್ಕೆ ವ್ಯಾಯಾಮ, ಎಂಟಕ್ಕೆ ಉಪಾಹಾರ, ಒಂಬತ್ತಕ್ಕೆ ಗುಂಪುಚರ್ಚೆ, ಹತ್ತೂವರೆಯಿಂದ ಒಂದರವರೆಗೆ ಶ್ರಮದಾನ. ನಸುಕಿನಲ್ಲೇ ಹೊಲಕ್ಕೆ ಹೋಗಿ ಬಿಸಿಲೇರುವ ಮುನ್ನ ಮನೆ ಸೇರಿದ ಒಕ್ಕಲಿಗರು ಕಟ್ಟೆಯ ನೆರಳಿನಲ್ಲಿ ಕುಳಿತು ಎಲೆಯಡಿಕೆ ಮೆಲ್ಲುತ್ತ, ಪಟ್ಟಣದ ಮಕ್ಕಳು ನಡುಹಗಲಿನಲ್ಲಿ ಬುಟ್ಟಿ ಹೊತ್ತು ಸಾಲಾಗಿ ಹೊರಡುವುದನ್ನು ಕರುಣೆಯಿಂದ ನೋಡುತ್ತಾರೆ. ಕೆಲಸದ ಹೊತ್ತು ಯಾವುದೆಂದು ಅವರನ್ನು ಯಾರೂ ಕೇಳಿರುವುದಿಲ್ಲ; ಪಟ್ಟಿ ನಾಯಕರ ಊರಿನಿಂದಲೇ ಅಚ್ಚಾಗಿ ಬಂದಿರುತ್ತದೆ.

ಈ ಸಲದ ಫಲಾನುಭವಿ ಒಬ್ಬ ಮುದುಕಿ. ಮಗನೂ ಸೊಸೆಯೂ ದುಡಿಮೆಗೆಂದು ಹೈದರಾಬಾದಿಗೆ ಹೋಗಿದ್ದಾರೆ. ಮನೆಯಲ್ಲಿ ಆಕೆ ಮತ್ತು ಒಂದು ಮೊಮ್ಮಗು. ನೆಲಕ್ಕೆ ಶಹಾಬಾದಿನ ಫರ್ಸಿ, ಮೇಲೆ ತೊಲೆ ಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಎಳೆಯುವುದು ನಾಯಕರ ಸಂಕಲ್ಪ. ಮಣ್ಣೇನೋ ಹಿತ್ತಿಲಿನಾಚೆಯ ಹೊಲದಲ್ಲಿ ಹೇರಳವಾಗಿದೆ: ತೊಗರಿಗೆ ಹೆಸರಾದ, ಕಾಡಿಗೆಯಂಥ ಎರೆಮಣ್ಣು. ಮುದುಕಿ ಬಾಗಿಲಲ್ಲಿ ನಿಂತು, “ಆ ಕರಿ ಮಣ್ಣ ಬ್ಯಾಡ್ರಿ ಯಪ್ಪಾ, ಬಿಸಲಿಗಿ ಸೀಳ್ತದ; ಹಳ್ಳದ ಕಡಿ ಸವಳ ಮಣ್ಣದ, ಅದು ತರ್ರಿ” ಎಂದಳು. ನಾಯಕರು ಕೈಮುಗಿದು, “ಅಮ್ಮಾ, ನೀವು ವಿಶ್ರಾಂತಿ ತೆಗೆದುಕೊಳ್ಳಿ, ಇದು ನಮ್ಮ ಸೇವೆ” ಎಂದರು. ಆಕೆಗೆ ವಿಶ್ರಾಂತಿ ಎಲ್ಲಿಯದು? ಅಷ್ಟು ಜನರಿಗೆ ರೊಟ್ಟಿ ಬಡಿಯಬೇಕಾಗಿತ್ತು. ನಾಲ್ಕು ಮನೆಯ ಹೆಂಗಸರು ಕೂಡಿ, ಹೊಗೆಯಲ್ಲಿ ಕಣ್ಣೊರಸಿಕೊಳ್ಳುತ್ತ, ಜೋಳದ ಹಿಟ್ಟಿನ ಡಬ್ಬಿಯ ತಳ ಕಾಣುವವರೆಗೆ ರೊಟ್ಟಿ ಬಡಿದು, ಪುಂಡಿಪಲ್ಯವನ್ನೂ ಶೇಂಗಾ ಚಟ್ನಿಯನ್ನೂ ಬಡಿಸಿದರು. ಶಹಾಬಾದಿನಿಂದ ಬಂದಿದ್ದ, ಕಲ್ಲುಗಣಿಯ ಕೂಲಿಕಾರನ ಮಗನೊಬ್ಬ ಮಾತ್ರ ಮುದುಕಿಯ ಮಾತು ಸರಿಯೆಂದು ಮೆಲ್ಲಗೆ ಹೇಳಿದನು. ಅವನನ್ನು ಛಾಯಾಚಿತ್ರ ತೆಗೆಯುವ ಕೆಲಸಕ್ಕೆ ನೇಮಿಸಲಾಯಿತು.

ಮೂರನೆಯ ದಿನಕ್ಕೆ ಮಾಳಿಗೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ನಾಯಕರು ಅಷ್ಟರಲ್ಲಿ ವರದಿ ಬರೆಯುತ್ತಿದ್ದರು. ‘ನವೀಕರಿಸಿದ ಗೃಹ: ಒಂದು’ ಎಂದು ಸಲೀಸಾಗಿ ಬರೆದ ಲೇಖನಿ ‘ಫಲಾನುಭವಿಗಳ ಸಂಖ್ಯೆ’ ಎಂಬ ಅಂಕಣದ ಮುಂದೆ ಕ್ಷಣಕಾಲ ತಡೆದು, ಕೊನೆಗೆ ‘ಎರಡು’ ಎಂದು ನಮೂದಿಸಿತು. ಖರ್ಚಾದ ಹಿಟ್ಟಿನ ಮೇಲೆ ಲೆಕ್ಕ ಹಾಕಿದ್ದರೆ ಆ ಅಂಕಣದಲ್ಲಿ ಇಡೀ ಶಿಬಿರದ ಹಾಜರಿಪಟ್ಟಿಯನ್ನೇ ಲಗತ್ತಿಸಬೇಕಾಗುತ್ತಿತ್ತು.

ಇಷ್ಟಾಗಿ ಈ ಮಹನೀಯರನ್ನು ಡಾಂಭಿಕರೆಂದರೆ ಅನ್ಯಾಯವಾದೀತು. ಔಷಧದ ಪೆಟ್ಟಿಗೆಯನ್ನು ಸ್ವಂತ ಹಣದಿಂದ ತುಂಬಿಸಿ ತರುವವರೂ, ಜ್ವರ ಬಂದ ಹುಡುಗಿಯ ಹಣೆಗೆ ರಾತ್ರಿಯಿಡೀ ಒದ್ದೆ ಬಟ್ಟೆ ಹಾಕಿಸುವವರೂ, ಬೀಳ್ಕೊಡುಗೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಳುವವರೂ ಅವರೇ. ಅವರಿಗೆ ಬಾರದಿರುವ ವಿದ್ಯೆ ಒಂದೇ, ಸುಮ್ಮನೆ ಕುಳಿತು ಕೇಳುವುದು. ಅದಕ್ಕೆ ವೇಳಾಪಟ್ಟಿಯಲ್ಲಿ ಸ್ಥಳವಿಲ್ಲ.

ಬಸ್ಸು ಸೇಡಮ್ಮಿನ ಹಾದಿ ಹಿಡಿದ ಮರುದಿನ ನೆರೆಹೊರೆಯವರು ನಸುಕಿನಲ್ಲೇ ಸೇರಿ, ಎರೆಮಣ್ಣನ್ನೆಲ್ಲ ಕೆರೆದು ಇಳಿಸಿ, ಹಳ್ಳದ ಸವಳುಮಣ್ಣನ್ನು ಹೊದಿಸಿ, ಬಿಸಿಲೇರುವ ಹೊತ್ತಿಗೆ ಕೆಲಸ ತೀರಿಸಿದರು. ಮುಂದಿನ ವರ್ಷ ಶಿಬಿರವನ್ನು ಬೇರೆ ಊರಿಗೆ ಕಳುಹಿಸಲೇ ಎಂದು ಊರಿನ ಸಭೆಯ ಪಾಸ್ಟರು ಸಂಕೋಚದಿಂದ ಕೇಳಿದಾಗ ಮುದುಕಿ ಸಿಡುಕಿದಳು: “ಯಾಕ್ರೀ? ಹುಡುಗ್ರು ಬಂದ್ರ ಮನಿ ತುಂಬಿದಂಗಾಗ್ತದ. ಬರ್ಲಿ. ಖರೇ ಆ ಸೀಟಿ ನನ್ ಕೈಯಾಗ ಕೊಡಂತ ಹೇಳ್ರಿ, ನಸುಕನ್ಯಾಗ ಎಬ್ಬಸ್ತೀನಿ.”