ಗಾಳಿಯ ಹಾಜರಿ

ಪ್ರತಿ ತಾಲೂಕು ಕೇಂದ್ರದಲ್ಲೂ ಒಬ್ಬ ನಿವೃತ್ತ ಹೆಡ್‌ಮಾಸ್ತರು ಇರುತ್ತಾರೆ. ಅವರ ಮಗ ದೂರದ ಊರಲ್ಲಿ ಕಂಪ್ಯೂಟರ್ ನೌಕರಿಯಲ್ಲಿರುತ್ತಾನೆ. ತಾನು ಬರಲಾಗದ ಹಬ್ಬಕ್ಕೆಲ್ಲ ಆ ಮಗ ಒಂದೊಂದು ಯಂತ್ರ ಕಳಿಸುತ್ತಾನೆ. ಲಿಂಗಸುಗೂರಿನಲ್ಲಿ ಈ ಪದವಿ ನಮ್ಮ ಓಣಿಯ ಮಾಸ್ತರದು. ಬಿ.ಪಿ. ನೋಡುವ ಯಂತ್ರ ಬಂತು, ಓಣಿಯವರ ತೋಳಿಗೆಲ್ಲ ಪಟ್ಟಿ ಸುತ್ತಿದರು. ಕೊರೊನಾ ಕಾಲಕ್ಕೆ ಆಕ್ಸಿಮೀಟರ್ ಬಂತು, ಅವರ ಮನೆಯಲ್ಲಿ ಚಾ ಬೇಕೆಂದರೆ ಮೊದಲು ಬೆರಳು ಕೊಡಬೇಕಾಯಿತು. ಹೆಜ್ಜೆ ಎಣಿಸುವ ಗಡಿಯಾರ ಬಂತು, ಅಂಗಳದಲ್ಲೇ ಸುತ್ತು ಹಾಕಿ ಎಣಿಕೆ ತುಂಬಿಸಿ ಮಲಗಿದರು. ಯಂತ್ರ ಯಾವುದಾದರೂ ಇರಲಿ, ಅಂಕಿ ತೋರಿಸಿದರೆ ಸಾಕು. ಜೀವಮಾನವೆಲ್ಲ ಅಂಕ ಹಾಕಿದ ಕೈ ಅದು. ಅಂಕಿಯಿಲ್ಲದ ಸುಖವನ್ನು ಮಾಸ್ತರು ಸುಖವೆಂದು ಒಪ್ಪುವುದಿಲ್ಲ.

ಈ ಸಾಲಿಗೆ ಕೊನೆಗೆ ಸೇರಿದ ಏರ್ ಪ್ಯೂರಿಫೈಯರ್‌ನ ಮೂಲ ಇರುವುದು ಗುರುಗ್ರಾಮದಲ್ಲಿ. ನವೆಂಬರ್ ತಿಂಗಳಲ್ಲಿ ಮಾಸ್ತರು ಮನೆಯವರನ್ನು ಕರೆದುಕೊಂಡು ಮಗನ ಮನೆಗೆ ಹೋದರು. ಪಂಜಾಬ್–ಹರಿಯಾಣದ ಭತ್ತದ ಕೂಳೆ ಸುಟ್ಟ ಹೊಗೆ, ವಾಹನಗಳ ಹೊಗೆ, ಕಟ್ಟಡದ ದೂಳು ಎಲ್ಲ ಚಳಿಗೆ ನೆಲಕ್ಕೆ ಅಂಟಿಕೊಂಡು ಕೂರುವ ಕಾಲ. ವಾಯು ಗುಣಮಟ್ಟದ ಸೂಚ್ಯಂಕ 50ರೊಳಗಿದ್ದರೆ ಉತ್ತಮ. ಅಲ್ಲಿ ಅದು 400 ದಾಟಿ ಓಡುತ್ತಿತ್ತು. ಕಡಿಮೆ ಅಂಕದವನು ಪಾಸು, ಹೆಚ್ಚು ತೆಗೆದವನು ಫೇಲು ಎಂಬ ಈ ಪರೀಕ್ಷಾ ಪದ್ಧತಿ ಮಾಸ್ತರಿಗೆ ಹೊಸದು. ಕೋಣೆಗೊಂದು ಯಂತ್ರ ಗೊಂಯ್ ಎನ್ನುವ ಮನೆಯಲ್ಲಿ, ಕಿಟಕಿ ತೆರೆಯದೆ ಕೂತು, ಅಂಕಿ ಏರಿಳಿಯುವುದನ್ನು ನೋಡುತ್ತ ದಿನ ಕಳೆದರು. ಊರಿಗೆ ಬಂದು ಬಸ್ಸಿಳಿದವರೇ ಕೇಳಿದ್ದು: "ನಮ್ಮೂರಿಂದು ಎಷ್ಟೈತಿ?"

ಯಾರಿಗೂ ಗೊತ್ತಿರಲಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ಪಾಲಿಗೆ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ. ಕೆಟ್ಟ ಗಾಳಿಯ ಪಟ್ಟಿಯಲ್ಲಿ ಊರಿಲ್ಲವೆಂದರೆ ಬೇರೆಯವರಾದರೆ ಸಕ್ಕರೆ ಹಂಚುತ್ತಿದ್ದರು. ಮಾಸ್ತರಿಗೆ ಅದು ಅನ್ಯಾಯವಾಗಿ ಕಂಡಿತು. "1905ರ ತನಕ ಲಿಂಗಸುಗೂರು ಜಿಲ್ಲಾ ಇತ್ತು. ಜಿಲ್ಲಾ ಕಸಗೊಂಡ್ರು. ಈಗ ಹೊಗಿ ಲೆಕ್ಕಕ್ಕೂ ನಮ್ಮನ್ನ ತಗೊಳ್ಳವಲ್ರು!"

ಸಂಕ್ರಾಂತಿಗೆ ಮಗ ಬರಲಿಲ್ಲ, ಯಂತ್ರ ಬಂತು. ಅದೂ ಮನೆತನಕ ಬರಲಿಲ್ಲ. "ಓಣಿ ಸಿಗವಲ್ದು ಸರ, ಬಸ್ ಸ್ಟ್ಯಾಂಡಿಗೆ ಬರ್ರಿ" ಎಂದು ಕೊರಿಯರ್ ಹುಡುಗ ಕರೆದ. ಬಿಳಿ ಡಬ್ಬಿ, ನೆತ್ತಿಯ ಮೇಲೆ ಅಂಕಿ, ಅಂಕಿಯ ಸುತ್ತ ಬಣ್ಣ ಬದಲಿಸುವ ಉಂಗುರ. ಅದನ್ನು ಪಡಸಾಲೆಯಲ್ಲಿ ಟಿವಿಗಿಂತ ಎತ್ತರದಲ್ಲಿ ಕೂರಿಸಿ, ಬಂದವರಿಗೆಲ್ಲ ಪಾಠ ಶುರುವಾಯಿತು.

"ಕೂದಲ ಎಳಿ ಎಷ್ಟು ದಪ್ಪ ಇರ್ತೈತಿ? ಸುಮಾರು 70 ಮೈಕ್ರಾನ್. ಪಿ.ಎಂ. 2.5 ಅಂದ್ರ ಅದರಾಗ ಇಪ್ಪತ್ತೆಂಟನೇ ಪಾಲು. ಮೂಗಿಗೆ ಸಿಗಂಗಿಲ್ಲ, ಸೀದಾ ಪುಪ್ಪಸಕ್ಕ ಇಳಿತೈತಿ. ಒಳಗ ಹೆಪಾ ಫಿಲ್ಟರ್ ಐತಿ. 0.3 ಮೈಕ್ರಾನ್ ಕಣಾನೂ 100ಕ್ಕ 99.97 ಹಿಡಿತೈತಿ."

"ಉಳದ 0.03 ಎಲ್ಲಿ ಹೋತು ಸರ?" ಎಂದ ಕಿರಾಣಿ ಅಂಗಡಿಯ ಹುಡುಗ.

"ಅದು ಗ್ರೇಸ್ ಮಾರ್ಕ್ಸ್, ಸುಮ್ನ ಕೂಡ್ರು."

ಮಾಸ್ತರ ತಾಯಿ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಎಲ್ಲ ಕೇಳುತ್ತಿದ್ದರು. "ಗಾಳಿ ತೊಳಿತೈತಿ ಅಂತೀಯಲ್ಲೋ ತಮ್ಮಾ, ತೊಳದ ನೀರು ಎಲ್ಲಿ ಚೆಲ್ತೈತಿ?" ಎಂದರು. ಮಾಸ್ತರು ಉತ್ತರ ಕೊಡಲಿಲ್ಲ.

ದಾಖಲೆಗೆಂದು ಶಾಲೆಯ ಹಳೇ ಹಾಜರಿ ಪುಸ್ತಕವೊಂದನ್ನು ಅಟ್ಟದಿಂದ ಇಳಿಸಿದರು. ಹೆಸರಿನ ಕಾಲಮ್ಮಿನಲ್ಲಿ ವೇಳೆ, ದಿನಾಂಕದ ಮನೆಗಳಲ್ಲಿ ಅಂಕಿ, ಕೊನೆಗೆ ಷರಾ. ಒಂದು ಪುಟ ನಾನೇ ನೋಡಿದ್ದೇನೆ. ಬೆಳಗ್ಗೆ 6ಕ್ಕೆ 46, ಹಸಿರು. 7.40ಕ್ಕೆ 318, ಕೆಂಪು, 'ವಗ್ಗರಣಿ'. 7.55ಕ್ಕೆ 400ರ ಮೇಲೆ, 'ಮಿರ್ಚಿ ಕರಿದದ್ದು'. 9ಕ್ಕೆ 190, 'ಊದುಬತ್ತಿ. ದೇವರ ಹೆಸರಲ್ಲಿ ಮಾಫಿ'.

ಈ ಸೀಮೆಯಲ್ಲಿ ಮಂಡಾಳ ವಗ್ಗರಣಿ, ಮಿರ್ಚಿಯಿಲ್ಲದೆ ಬೆಳಗಾಗುವುದಿಲ್ಲ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಕ್ಷಣ ಉಂಗುರ ಕೆಂಪಾಗಿ ಯಂತ್ರ ಒದರತೊಡಗುತ್ತಿತ್ತು, ಮಾಸ್ತರು ಪೆನ್ನು ಹಿಡಿದು ಓಡಿ ಬರುತ್ತಿದ್ದರು. ಒಂದು ದಿನ ಅವರ ಮನೆಯಾಕೆ ಜಾಲಿ ಸೌಟು ಹಿಡಿದೇ ಹೊರಗೆ ಬಂದರು. "ದಿಲ್ಲಿಯಾಗ ನಾನೂರಾದ್ರ ಪೇಪರಿನಾಗ ಬರ್ತೈತಿ. ಇಲ್ಲಿ ನನ್ನ ಒಲಿ ಮುಂದ ದಿನಾ ನಾನೂರು. ನಲವತ್ತು ವರ್ಷ ಆತು, ಯಾರು ಬರಕೊಂಡ್ರಿ?" ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಯಂತ್ರಕ್ಕೆ ಕೊಟ್ಟ ದುಡ್ಡಿನ ಸಣ್ಣ ಪಾಲಿನಲ್ಲಿ ಅಡಿಗೆಮನೆಗೆ ಹೊಗೆ ಎಳೆಯುವ ಫ್ಯಾನ್ ಹಾಕಿಸಬಹುದಿತ್ತು. ಆದರೆ ಅಂಥ ಫ್ಯಾನು ಅಂಕಿ ತೋರಿಸುವುದಿಲ್ಲ.

ಗಾಳಿಗೆ ಪಾಸ್ ಮಾರ್ಕು ಎಷ್ಟೆಂಬುದನ್ನೂ ಮಾಸ್ತರು ಸಮಯ ನೋಡಿ ಹೇಳುತ್ತಿದ್ದರು. ಒಂದು ದಿನದ ಸರಾಸರಿ ಪಿ.ಎಂ. 2.5 ಘನ ಮೀಟರಿಗೆ 60 ಮೈಕ್ರೊಗ್ರಾಂ ತನಕ ನಡೆದೀತು ಎನ್ನುತ್ತದೆ ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಪರವೂರಿನ ನೆಂಟರ ಮುಂದೆ 60, ಅಡಿಗೆಮನೆಗೆ 15.

ಗುರುವಾರ ಊದು ಹಾಕುವ ಫಕೀರಸಾಬರು ಬಂದ ದಿನ ದೊಡ್ಡ ಗದ್ದಲ. ಮುದಗಲ್ಲಿನ ಮೊಹರಂ ನೋಡಿ ಬೆಳೆದ ತಾಲೂಕು ನಮ್ಮದು, ಊದಿನ ಹೊಗೆಯನ್ನು ಬ್ಯಾಡ ಅನ್ನುವ ಮನೆ ಇಲ್ಲ. ಅವರು ಹೊಸ್ತಿಲಲ್ಲಿ ನಿಂತು ನವಿಲುಗರಿಯಿಂದ ಹೊಗೆ ಬೀಸಿದರು, ಯಂತ್ರ ಕೆಂಪಾಗಿ ಬೊಬ್ಬೆ ಹಾಕಿತು. ಫಕೀರಸಾಬರು ಅದನ್ನೇ ದಿಟ್ಟಿಸಿ, "ಭಾರಿ ದೃಷ್ಟಿ ಆಗೈತ್ರೀ ಮಾಸ್ತರ, ಇದಕ್ಕ" ಎನ್ನುತ್ತ ಇನ್ನಷ್ಟು ಊದು ಕೆಂಡಕ್ಕೆ ಸುರಿದರು.

ಮಾರ್ಚ್ ಬಂತು. ರಾಯಚೂರು ಜಿಲ್ಲೆಯ ಬಿಸಿಲನ್ನು ಬಣ್ಣಿಸುವ ಅಗತ್ಯವಿಲ್ಲ. ಏರ್ ಕೂಲರ್ ಕೆಲಸ ಮಾಡಬೇಕಾದರೆ ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಕೋಣೆ ಹಸಿಯಾಗಿ ಮೈ ಜಿಗಿಜಿಗಿ. ಪ್ಯೂರಿಫೈಯರ್ ಕೆಲಸ ಮಾಡಬೇಕಾದರೆ ಕಿಟಕಿ ಮುಚ್ಚಿರಬೇಕು. ಮನೆಯಾಕೆ ತೆರೆಯುವರು, ಮಾಸ್ತರು ಮುಚ್ಚುವರು. ಮುಚ್ಚಿದ ಕೋಣೆಯಲ್ಲಿ ಯಂತ್ರ ದೂಳನ್ನೇನೋ ಹಿಡಿಯುತ್ತದೆ, ಹೊಸ ಗಾಳಿಯನ್ನು ಹುಟ್ಟಿಸುವುದಿಲ್ಲ. ಪಾಪ, ಹುಟ್ಟಿಸುತ್ತದೆಂದು ಅದರ ಪುಸ್ತಿಕೆಯಲ್ಲೂ ಬರೆದಿಲ್ಲ. ರಾತ್ರಿ ಕರೆಂಟು ಹೋದರೆ ಜಗಳ ತಾನೇ ಮುಗಿಯುತ್ತಿತ್ತು. ಚಾಪೆ ಹಿಡಿದು ಎಲ್ಲರೂ ಮಾಳಿಗೆ ಏರುತ್ತಿದ್ದರು. ಕೆಳಗೆ ಬೀಗ ಹಾಕಿದ ಪಡಸಾಲೆಯಲ್ಲಿ ಯಂತ್ರ ಇನ್ವರ್ಟರ್ ಮೇಲೆ ಓಡುತ್ತ, ತನಗೆ ತಾನೇ ಗಾಳಿ ಶುದ್ಧ ಮಾಡಿಕೊಳ್ಳುತ್ತಿತ್ತು. 1985ರಿಂದ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ತೆಗೆಯುವ ಕರೆಂಟಿಗೆ ಇದೂ ಒಂದು ಕೆಲಸ.

ಹಾಗೆಂದು ನಮ್ಮ ಗಾಳಿ ಗಂಗೆಯಲ್ಲಿ ಮಿಂದದ್ದೇನಲ್ಲ. ತೊಗರಿ ರಾಶಿ ನಡೆಯುವಾಗ ಓಣಿಗೆಲ್ಲ ಹೊಟ್ಟು ಹಾರುತ್ತದೆ, ಸಿಂಧನೂರಿನ ಕಡೆ ಭತ್ತ ಕೊಯ್ದ ಮೇಲೆ ಗದ್ದೆಗೆ ಬೆಂಕಿ ಬೀಳುತ್ತದೆ. ಆದರೆ ಮಾಸ್ತರ ಪುಸ್ತಕದಲ್ಲಿ ಇವಕ್ಕೆ ಕಾಲಮ್ಮಿರಲಿಲ್ಲ. ಅಲ್ಲಿದ್ದದ್ದು ಒಂದೇ ಮಾತು: ಯಂತ್ರ ಬಂದ ಮೇಲೆ ಬೆಳಗಿನ ಅಂಕಿಯಲ್ಲಿ 'ಗಮನಾರ್ಹ ಸುಧಾರಣೆ'.

ಯುಗಾದಿಗೆ ಮಗ ಬಂದ. ಬೇವು-ಬೆಲ್ಲ ಆದ ಮೇಲೆ ಅಪ್ಪನ ಪುಸ್ತಕ ತಿರುವಿ ಮೆಚ್ಚಿದ. ಫಿಲ್ಟರ್ ಎಷ್ಟು ಮಸಿ ಹಿಡಿದಿದೆ ನೋಡೋಣ ಎಂದು ಯಂತ್ರದ ಬೆನ್ನು ಬಿಚ್ಚಿದ. ಒಳಗೆ ಫಿಲ್ಟರ್ ಮದುವೆ ಪಂಚೆಯಷ್ಟು ಬೆಳ್ಳಗಿತ್ತು. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದೊಳಗೆ ಕಾರ್ಖಾನೆಯಿಂದ ಬಂದ ಹಾಗೆಯೇ ಕೂತಿತ್ತು.

"ಅಪ್ಪಾ, ಇದರ ಕವರೇ ತಗದಿಲ್ಲಲ್ಲ!"

"ಅದಕ್ಕ ನೀರು ಬರಲಿಲ್ಲ ನೋಡು" ಎಂದರು ಮೂಲೆಯಿಂದ ಅಜ್ಜಿ.

ಬೇರೆಯವರಾಗಿದ್ದರೆ ತಲೆ ತಗ್ಗಿಸುತ್ತಿದ್ದರು. ಮಾಸ್ತರು ಕನ್ನಡಕ ಒರೆಸಿಕೊಂಡು ಎದ್ದು ನಿಂತರು. "ಕವರ್ ಇದ್ದಾಗನ 46 ಬಂತಂದ್ರ ಅದು ಯಂತ್ರದ ಮಾರ್ಕ್ಸ್ ಅಲ್ಲ, ಊರಿನ ಮಾರ್ಕ್ಸ್. ಹೇಳು ನಿನ್ನ ಗುರುಗ್ರಾಮಕ್ಕ!"

ಮಗ ಕವರ್ ಕಿತ್ತು ಯಂತ್ರ ಹಚ್ಚಿದ. ಅಷ್ಟರಲ್ಲಿ ಒಳಗೆ ಹೋಳಿಗೆಯ ಎರಡನೇ ಪಂಕ್ತಿಗೆ ಹಂಚಿನ ಮೇಲೆ ತುಪ್ಪ ಬಿತ್ತು, ಉಂಗುರ ಕೆಂಪಾಯಿತು. ಮಾಸ್ತರು ಹಾಜರಿ ಪುಸ್ತಕ ತೆರೆದು ಷರಾ ಕಾಲಮ್ಮಿನಲ್ಲಿ ದುಂಡಗೆ ಬರೆದರು: 'ಕವರ್ ತೆಗೆಯಲಾಗಿದೆ. ಅಂದಿನಿಂದ ಗಾಳಿಯಲ್ಲಿ ಶಿಸ್ತು ಕಡಿಮೆ.'