ರೇಂಜ್‌ಫೈಂಡರ್ ರಾಯರು

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಐದಾರು ಗಂಡಸರು ಎಡಗೈ ಹೆಬ್ಬೆರಳನ್ನು ಮೂಗಿನ ನೇರಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು, ಮತ್ತೆ ಅದನ್ನು ಮುಚ್ಚಿ ಇದನ್ನು ತೆರೆಯುತ್ತಿದ್ದರೆ ಎದುರು ಸಾಲಿನ ಹೆಂಗಸರು ತಪ್ಪು ತಿಳಿಯಬಾರದು. ಅವರ ನಡುವೆ ರೇಂಜ್‌ಫೈಂಡರ್ ರಾಯರು ಕೂತಿದ್ದಾರೆ, ಅಷ್ಟೆ. "ಬೆರಳು ಪಕ್ಕಕ್ಕೆ ಹಾರಿತಾ? ಹಾರಿತಲ್ಲ? ಅದೇ ರೀ ರೇಂಜ್‌ಫೈಂಡರ್!" ಎಂದು ಅವರು ಉದ್ಗರಿಸುವ ಹೊತ್ತಿಗೆ ಹೋಳಿಗೆ ಬಡಿಸುವವನು ಆ ಸಾಲು ದಾಟಿರುತ್ತಾನೆ.

ವಿಷಯ ಇಷ್ಟೇ. ಕ್ಯಾಮೆರಾದ ಹಣೆಯಲ್ಲಿ ಎರಡು ಕಿಟಕಿ. ಒಂದರಿಂದ ಕಾಣುವ ನೋಟದ ನಡುವೆ ಒಂದು ಪುಟ್ಟ ಚೌಕ. ಇನ್ನೊಂದು ಕಿಟಕಿಯ ನೋಟ ಬಂದು ಆ ಚೌಕದೊಳಗೆ ಬೀಳುತ್ತದೆ. ಮೊದಲು ಮದುಮಗಳಿಗೆ ಎರಡು ಮೂಗು ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸಿದಂತೆ ಮೂಗುಗಳು ಹತ್ತಿರ ಬಂದು ಒಂದಾದರೆ ಫೋಕಸ್ ಆಯಿತು ಎಂದರ್ಥ. ಇದನ್ನು ಹೇಳಲು ರಾಯರಿಗೆ ಅನ್ನದಿಂದ ಮಜ್ಜಿಗೆಯವರೆಗೆ ಸಮಯ ಬೇಕು.

ಇಷ್ಟು ಹೇಳುವ ರಾಯರ ಬಳಿ ರೇಂಜ್‌ಫೈಂಡರ್ ಇದೆಯೇ ಎಂದರೆ, ಇಲ್ಲ. ಕೊಳ್ಳಬೇಕೋ ಬೇಡವೋ ಎಂಬ ಹಂತದಲ್ಲಿದ್ದಾರೆ. ಮಗಳು ಪಿಯುಸಿ ಓದುವಾಗ ಶುರುವಾದ ಹಂತ ಅದು. ಈಗ ಅವಳು ಅಮೆರಿಕದಿಂದ ಬರುವ ಮುಂಚೆ "ಅಪ್ಪಾ, ಕ್ಯಾಮೆರಾ ತರಲಾ?" ಎಂದು ಫೋನ್ ಮಾಡುತ್ತಾಳೆ. "ಇರು, ಇನ್ನೂ ತೀರ್ಮಾನ ಆಗಿಲ್ಲ" ಎನ್ನುತ್ತಾರೆ. ಅವಳು ಬಾದಾಮಿ ತರುತ್ತಾಳೆ.

ರಾಯರ ಷರತ್ತು ಎರಡು. ಫಿಲ್ಮ್ ಕ್ಯಾಮೆರಾ ಆಗಿರಬೇಕು, ಲೆನ್ಸ್ ಬದಲಿಸುವಂತಿರಬೇಕು. ಎಷ್ಟು ಲೆನ್ಸ್ ಕೊಳ್ಳುತ್ತೀರಿ ಎಂದು ಕೇಳಿದರೆ ಒಂದು ಎನ್ನುತ್ತಾರೆ. ಹಾಗಾದರೆ ಬದಲಿಸುವುದು ಯಾವುದರಿಂದ ಯಾವುದಕ್ಕೆ? ಹಾಗೆ ಕೇಳಬಾರದು. ಅವರ ಆರಾಧ್ಯ ದೈವ ಹೆನ್ರಿ ಕಾರ್ಟಿಯೆ-ಬ್ರೆಸಾನ್, ಗಾಂಧೀಜಿಯವರ ಕೊನೆಯ ದಿನಗಳನ್ನೂ 1948ರ ಆ ಅಂತ್ಯಯಾತ್ರೆಯನ್ನೂ ಚಿತ್ರಿಸಿದ ಮಹಾನುಭಾವ, ತನ್ನ ಲೈಕಾ ಕ್ಯಾಮೆರಾಗೆ ಹೆಚ್ಚಾಗಿ 50 ಮಿಲಿಮೀಟರಿನ ಒಂದೇ ಲೆನ್ಸನ್ನು ಹಾಕಿಕೊಂಡು ಓಡಾಡಿದವನು. "ಬದಲಿಸಬಹುದಾಗಿತ್ತು, ಬದಲಿಸಲಿಲ್ಲ. ಅದು ಸಂಯಮ. ಬದಲಿಸೋಕೇ ಆಗದ ಕ್ಯಾಮೆರಾ ಇಟ್ಕೊಂಡು ಬದಲಿಸದೆ ಇದ್ರೆ ಅದು ಬಡತನ" ಎನ್ನುತ್ತಾರೆ ರಾಯರು. ಈ ಮಾತಿಗೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ.

ಅವಸರ ಮಾಡಿಸಲು ಹೋದರೆ ಇತಿಹಾಸ ತೆಗೆಯುತ್ತಾರೆ. ಜರ್ಮನಿಯ ವೆಟ್ಜ್‌ಲಾರ್ ಊರಿನ ಲೈಟ್ಜ್ ಕಂಪನಿಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ ಇದ್ದ. ಉಬ್ಬಸದವನು, ಗಾಜಿನ ಪ್ಲೇಟಿನ ಭಾರದ ಕ್ಯಾಮೆರಾ ಹೊತ್ತು ಗುಡ್ಡ ಹತ್ತಲಾರದೆ ಸಿನಿಮಾ ಫಿಲ್ಮ್ ಬಳಸುವ ಪುಟ್ಟ ಕ್ಯಾಮೆರಾ ಮಾಡಿಕೊಂಡ. (ರಾಯರಿಗೂ ಉಬ್ಬಸ ಇದೆ. ಈ ಸಾಮ್ಯವನ್ನು ಅವರು ಬಾಯಿ ಬಿಟ್ಟು ಹೇಳುವುದಿಲ್ಲ, ಇಲ್ಲಿಗೆ ಬಂದಾಗ ಒಮ್ಮೆ ಕೆಮ್ಮುತ್ತಾರೆ.) ಅದನ್ನು ತಯಾರಿಸಿ ಮಾರುವುದೋ ಬೇಡವೋ ಎಂದು 1924ರಲ್ಲಿ ಸಭೆ ಸೇರಿತು. ಜರ್ಮನಿಯ ಆರ್ಥಿಕತೆ ನೆಲಕಚ್ಚಿದ್ದ ಕಾಲ. ಮಾಲೀಕ ಎರ್ನ್‌ಸ್ಟ್ ಲೈಟ್ಜ್ ಎಲ್ಲರ ವಾದ ಕೇಳಿ, ಏನಾದರಾಗಲಿ ಮಾಡೋಣ ಎಂದು ಎದ್ದ. ಮರುವರ್ಷ ಲೈಪ್‌ಜಿಗ್ ಜಾತ್ರೆಯಲ್ಲಿ ಲೈಕಾ ಮಾರಾಟಕ್ಕಿತ್ತು. ಇಡೀ ಕಾರ್ಖಾನೆಯ ಅನ್ನದ ಪ್ರಶ್ನೆಯನ್ನು ಆತ ಹೀಗೆ ತೀರ್ಮಾನಿಸಿದ್ದು ನಿಮಗೇನೂ ಕಲಿಸಲಿಲ್ಲವೇ ಎಂದು ನಾನು ಛೇಡಿಸಿದರೆ ರಾಯರು ಪಟ್ಟು ಬದಲಿಸುತ್ತಾರೆ: "1925ರ ಲೈಕಾದಲ್ಲಿ ಲೆನ್ಸ್ ಬದಲಿಸೋ ಹಾಗಿತ್ತಾ? ಇಲ್ಲ. ಅದು ಬಂದಿದ್ದು 1930ರಲ್ಲಿ. ಒಳಗೇ ಕೂತ ರೇಂಜ್‌ಫೈಂಡರ್ ಇತ್ತಾ? ಇಲ್ಲ. ಅದು 1932. ಲೈಕಾಗೇ ಏಳು ವರ್ಷ ಹಿಡೀತು, ನನಗೇನು ಅವಸರ?"

ಹಾಗೆಂದು ಅವರು ಸುಮ್ಮನೆ ಕೂತಿಲ್ಲ. ಮಾದರಿಗಳನ್ನು ಒಂದೊಂದಾಗಿ ನೋಡಿ ಕೈಬಿಟ್ಟಿದ್ದಾರೆ. 1954ರ ಲೈಕಾ ಎಂ3ಯ ನೋಟದ ಕಿಟಕಿಯಷ್ಟು ಚೆಂದದ್ದು ಲೋಕದಲ್ಲಿ ಇನ್ನೊಂದಿಲ್ಲ, ಆದರೆ ಅದರಲ್ಲಿ 35 ಮಿಲಿಮೀಟರಿನ ಚೌಕಟ್ಟಿನ ಗೆರೆ ಇಲ್ಲ. ಎಂ2ದಲ್ಲಿ ಇದೆ, ಬೆಳಕಿನ ಮೀಟರ್ ಇಲ್ಲ. 1984ರ ಎಂ6ರಲ್ಲಿ ಎರಡೂ ಇವೆ, ರಾಯರ ಬಳಿ ದುಡ್ಡಿಲ್ಲ. ಜಪಾನಿನ ಕೊಸಿನಾ ಕಂಪನಿ ಫೋಕ್ಟ್‌ಲೆಂಡರ್ ಹೆಸರಿನಲ್ಲಿ ಮಾಡುತ್ತಿದ್ದ ಬೆಸ್ಸಾ ಬೆಲೆಯಲ್ಲಿ ಸೌಮ್ಯ. ಆದರೆ ಅದರ ಶಟರ್ ಸದ್ದು ಮಾಡುತ್ತದಂತೆ. ರಷ್ಯದ ಝೋರ್ಕಿ-4 ಅಗ್ಗ, ಆದರೆ ಫಿಲ್ಮ್ ಸುತ್ತುವ ಮೊದಲೇ ಶಟರ್ ವೇಗ ಬದಲಿಸಿದರೆ ಯಂತ್ರ ಕೆಡುತ್ತದೆ. "ನಮ್ಮ ಮನೇಗೆ ಬರೋ ನೆಂಟರ ಮಕ್ಕಳು ಕೇಳ್ತಾರಾ?" ಖಾರ್ಕಿವ್‌ನ ಫೆಡ್ ಅವರಿಗೆ ಕಥೆಯ ಮಟ್ಟಿಗೆ ಮಾತ್ರ ಇಷ್ಟ. ಅನಾಥ ಮಕ್ಕಳ ಆಶ್ರಮದಲ್ಲಿ 1934ರಿಂದ ಲೈಕಾದ ನಕಲು ತಯಾರಾಯಿತು. ಅದಕ್ಕೆ ಸೋವಿಯತ್ ರಹಸ್ಯ ಪೊಲೀಸ್ ಪಡೆ ಕಟ್ಟಿದ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್‌ಸ್ಕಿಯ ಮೂರು ಮೊದಲಕ್ಷರಗಳನ್ನೇ ಹೆಸರಿಟ್ಟರು. ಫೋಟೋ ತೆಗೆಯುವಾಗ ಜನ ನಗದಿದ್ದರೆ ಅದೇ ಕಾರಣ ಎಂಬುದು ರಾಯರ ಸಿದ್ಧಾಂತ.

ಬೆಂಗಳೂರಿನ ಸಂಡೇ ಬಜಾರಿನಲ್ಲಿ ಒಮ್ಮೆ ಅವರ ಜತೆ ಹೋಗಿದ್ದೆ. ಹಳೆಯ ಟೇಪ್ ರೆಕಾರ್ಡರುಗಳ ನಡುವೆ ಚಿನ್ನದ ಬಣ್ಣದ, ಹದ್ದಿನ ಮುದ್ರೆಯ ಲೈಕಾ ಒಂದಿತ್ತು. ರಾಯರು ಅದನ್ನೆತ್ತಿ ತೆಂಗಿನಕಾಯಿಯಂತೆ ಕಿವಿಯ ಹತ್ತಿರ ಅಲ್ಲಾಡಿಸಿ, ಲೆನ್ಸ್ ಬಿಚ್ಚಿ, ಒಳಗೆ ಇಣುಕಿ, ಮಾರುವವನಿಗೆ ಅಲ್ಲೇ ಪಾಠ ಶುರು ಮಾಡಿದರು: "ಲೆನ್ಸಿನ ಹಿಂಭಾಗಕ್ಕೆ ತಾಗೋ ಈ ತುದಿ ನೋಡಪ್ಪಾ. ಲೈಕಾದಲ್ಲಿ ಇದು ದುಂಡಗಿನ ಗಾಲಿ ಇರುತ್ತೆ. ಇಲ್ಲಿ ಬೆಣೆ ಥರ ಇದೆ. ಇದು ಲೈಕಾ ಅಲ್ಲ, ರಷ್ಯದ ಫೆಡ್ಡೋ ಝೋರ್ಕಿಯೋ. ಮೇಲೆ ಲೈಕಾ ಅಂತ ಕೆತ್ತಿದ್ದಾರೆ." ಅವನು ಭಕ್ತಿಯಿಂದ ಕೇಳಿದ. ನಾವು ಮುಂದೆ ಹೋಗಿ ತಿರುಗಿ ಬರುವಾಗ ಇನ್ನೊಬ್ಬ ಗಿರಾಕಿಗೆ "ಅಸಲಿ ರಷ್ಯಾ ಲೈಕಾ ಸಾರ್, ಬೆಣೆ ಇರೋದು, ಸಿಗಲ್ಲ" ಎಂದು ಹೆಚ್ಚಿನ ಬೆಲೆ ಹೇಳುತ್ತಿದ್ದ.

ಬೇರೆ ಅಡಚಣೆಗಳೂ ಇವೆ. ಮಳೆಗಾಲದಲ್ಲಿ ಕೊಳ್ಳುವಂತಿಲ್ಲ, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಬೇಸಿಗೆಯಲ್ಲೂ ಕೊಳ್ಳುವಂತಿಲ್ಲ. ರೇಂಜ್‌ಫೈಂಡರುಗಳಲ್ಲಿ ಕನ್ನಡಿ ಇಲ್ಲವಾದ್ದರಿಂದ ಲೆನ್ಸ್ ಮುಚ್ಚಳ ತೆಗೆದು ಸೂರ್ಯನ ಕಡೆ ಮುಖ ಮಾಡಿಟ್ಟರೆ ಬಿಸಿಲು ಬಟ್ಟೆಯ ಶಟರಿನ ಮೇಲೆ ಕೂಡಿಬಿದ್ದು ತೂತು ಸುಡುತ್ತದೆ. ಹಾಗೆಂದು ಮುಚ್ಚಳ ಹಾಕಿಟ್ಟರೆ ತೆಗೆಯುವುದು ಮರೆಯುತ್ತದೆ. ನೋಡುವುದು ಕಿಟಕಿಯಿಂದಲೇ ಹೊರತು ಲೆನ್ಸಿನ ಮೂಲಕ ಅಲ್ಲವಲ್ಲ, ಮುಚ್ಚಳದ ಸುಳಿವೇ ಸಿಗುವುದಿಲ್ಲ. ಇಡೀ ಉಪನಯನವನ್ನು ಕಗ್ಗತ್ತಲಲ್ಲಿ ಚಿತ್ರೀಕರಿಸಿ ಬರಬಹುದು. ಎಂ ಲೈಕಾಗಳ ಚೌಕಟ್ಟಿನ ಗೆರೆ 135 ಮಿಲಿಮೀಟರಿಗೆ ನಿಲ್ಲುತ್ತದೆ, ಆದ್ದರಿಂದ ರಂಗನತಿಟ್ಟಿನ ಹಕ್ಕಿಗೆ ಕೈಮುಗಿಯಬೇಕು. ಮುಖ್ಯ ಅಡಚಣೆ ಖರ್ಚು. ಫಿಲ್ಮ್ ರೋಲು, ತೊಳೆಸುವುದು, ಸ್ಕ್ಯಾನು ಎಲ್ಲ ಸೇರಿ ಸಾವಿರ ದಾಟುತ್ತದೆ, ಸಿಗುವುದು 36 ಚಿತ್ರ. ರಾಯರು ಲೆಕ್ಕ ಹಾಕಿದ ಮೇಲೆ ನೆಂಟರನ್ನೆಲ್ಲ ವಿಂಗಡಿಸಿದ್ದಾರೆ. ಮೂವತ್ತು ರೂಪಾಯಿಯ ಮುಖವುಳ್ಳವರು ಬೀಗರ ಕಡೆ ಯಾರೂ ಇಲ್ಲ ಎಂಬುದು ಅವರ ತೀರ್ಪು. ರಾಯರ ಹೆಂಡತಿಯ ಮುಖದ ಬೆಲೆಯೆಷ್ಟು ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಆಕೆಗೆ ಇತ್ತು. ಆಮೇಲೆ ಎರಡು ತಿಂಗಳು ಮನೆಯಲ್ಲಿ ಕ್ಯಾಮೆರಾದ ಮಾತಿರಲಿಲ್ಲ.

ಕಾಲ ಮಾತ್ರ ರಾಯರಿಗಾಗಿ ನಿಲ್ಲಲಿಲ್ಲ. ಅವರು ನೋಡಲು ತೊಡಗಿದಾಗ ಬೆಸ್ಸಾ ಹೊಸದಾಗಿಯೇ ಸಿಗುತ್ತಿತ್ತು. 2015ರಲ್ಲಿ ಅದರ ತಯಾರಿಕೆ ನಿಂತಿತು. "ಛೆ, ಅದನ್ನೇ ತೊಗೋಬೇಕು ಅಂತ ಆವತ್ತೇ ತೀರ್ಮಾನ ಮಾಡಿದ್ದೆ" ಎಂದು ಶೋಕಿಸಿದರು. 2022ರಲ್ಲಿ ಲೈಕಾದವರು ಹಳೆಯ ಎಂ6 ಅನ್ನೇ ಮತ್ತೆ ತಯಾರಿಸಿ ಮಾರುಕಟ್ಟೆಗೆ ಬಿಟ್ಟಾಗ "ನೋಡಿದ್ರಾ? ಕಾದಿದ್ದು ಒಳ್ಳೇದಾಯ್ತು!" ಎಂದು ನಮ್ಮ ಮನೆ ಬಾಗಿಲಿಗೆ ಬಂದರು. ಬೆಲೆ ಲೆನ್ಸ್ ಇಲ್ಲದೆ ನಾಲ್ಕು ಲಕ್ಷದ ಮೇಲೆ ಎಂದು ತಿಳಿದದ್ದು ನಮ್ಮ ಸೋಫಾದ ಮೇಲೆ ಕೂತ ನಂತರ. ಮದುವೆ ಮುಂಜಿಗಳ ಫೋಟೋವನ್ನು ಅವರು ಈಗಲೂ ಮೊಬೈಲಿನಲ್ಲೇ ತೆಗೆಯುವುದು, ಕಪ್ಪು-ಬಿಳುಪಿನಲ್ಲಿ. ಚೆನ್ನಾಗಿಯೇ ಬರುತ್ತವೆ. ಹಾಗೆ ಹೇಳಿದರೆ ನೊಂದುಕೊಳ್ಳುತ್ತಾರೆ.

ನನ್ನನ್ನು ಕೇಳಿದರೆ ರಾಯರಿಗೆ ತಕ್ಕದ್ದು 1961ರ ಕ್ಯಾನನ್ 7. ಲೈಕಾದ ಹಳೆಯ ತಿರುಪಿನ ಲೆನ್ಸುಗಳು ಹಿಡಿಸುತ್ತವೆ, ಶಟರ್ ಲೋಹದ್ದಾದ್ದರಿಂದ ಬಿಸಿಲಿಗೆ ತೂತು ಬೀಳುವ ಭಯವಿಲ್ಲ, ಹಿಡಿದವರ ಆಸ್ತಿ ಕರಗುವುದಿಲ್ಲ. ಹೋದ ವಾರ ಅವರಿಗೆ ಹಾಗೆಯೇ ಹೇಳಿದೆ. ಬಹಳ ಹೊತ್ತು ಯೋಚಿಸಿ, "ಅದರದ್ದು ಸೆಲೆನಿಯಂ ಮೀಟರ್ ಅಲ್ವಾ, ಸತ್ತುಹೋಗಿದ್ರೆ?" ಎಂದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಗೆ ಬಂದು ಕೂತು ವಿವರವಾಗಿ ಚರ್ಚಿಸುತ್ತಾರಂತೆ. ಆ ಹೊತ್ತಿಗೆ ಓದುಗರಲ್ಲಿ ಯಾರಾದರೂ ನನ್ನನ್ನು ಊಟಕ್ಕೆ ಕರೆದರೆ ಉಪಕಾರವಾಗುತ್ತದೆ.